ಬೆಳಗಾಗುವಷ್ಟರಲ್ಲಿ ತಿರುಗುವ ಸ್ಕ್ರೂ

ಜನವರಿ 9

ಪುಟ್ಟಿಗೆ ಮಾಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ, ನಿನ್ನ ಅತ್ತೆ ಚೆನ್ನಾಗಿದ್ದಾಳೆ, ಮಷಿನ್ ಚೆನ್ನಾಗಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಿನ್ನ ರಿಪೇರಿ ಅಂಗಡಿಯಿಂದ ನೀನು ಕಳಿಸಿದ ದೊಡ್ಡ ಎಂಜಿನ್ನನ್ನು ನನ್ನ ಮರ ಕೊಯ್ಯುವ ಮಷಿನ್ನಿಗೆ ನಾನೇ ಕೂರಿಸಿದೆ. ಐವತ್ತು ಸಿಸಿ ಇದ್ದ ಜಾಗದಲ್ಲಿ ಈಗ ಐವತ್ತೆಂಟು. ನಾಲ್ಕು ಬೋಲ್ಟು, ಒಂದು ಗ್ಯಾಸ್ಕೆಟ್, ಎರಡು ಲೋಟ ಚಹಾ, ಅಷ್ಟೇ ಕೆಲಸ. ನೀನು ಬರೆದುಕೊಟ್ಟ ಹದಿನಾಲ್ಕು ಸೂಚನೆಗಳಲ್ಲಿ ಹನ್ನೊಂದನ್ನು ನಾನು ಓದಲೇ ಇಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದವನು ನಾನು. ಕೊನೆಗೆ ಒಂದು ಚಕ್ರ ಉಳಿದಿತ್ತು, ಆದರೂ ಗಡಿಯಾರ ಓಡುತ್ತಿತ್ತು. "ನಿನ್ನ ತಲೆ ಚುರುಕಾಗಿದೆ, ಅದನ್ನ ನನ್ನ ಸಾಮಾನಿನಿಂದ ದೂರ ಇಡು" ಅಂತ ಮೇಷ್ಟ್ರೇ ಹೇಳಿದ್ದರು.

ಈಗ ಕೆಟ್ಟ ಸುದ್ದಿ. ಯಾರೋ ನನ್ನ ಸ್ಕ್ರೂ ತಿರುಗಿಸುತ್ತಿದ್ದಾರೆ.

ನನ್ನ ಕ್ರಮ ನಿನಗೆ ಗೊತ್ತೇ ಇದೆ. ದಿನದ ಕೆಲಸ ಮುಗಿಸಿ ಶೆಡ್ಡಿಗೆ ಬಂದು, ಚೈನ್ ಮಸೆದು, ಫಿಲ್ಟರ್ ಒರೆಸಿ, ಎಂಜಿನ್ ಇನ್ನೂ ಬಿಸಿಯಿರುವಾಗಲೇ ಕಾರ್ಬುರೇಟರ್ ಹೊಂದಿಸುತ್ತೇನೆ. ಸ್ಕ್ರೂ ಮೂರಿದ್ದರೂ ತರಲೆ ಮಾಡುವುದು ಒಂದೇ: ಪೂರ್ತಿ ವೇಗದಲ್ಲಿ ಎಷ್ಟು ಪೆಟ್ರೋಲ್ ಕುಡಿಯಬೇಕು ಅಂತ ತೀರ್ಮಾನಿಸುವ ಸ್ಕ್ರೂ. ಬಲಕ್ಕೆ ಬಿಗಿದರೆ ಪೆಟ್ರೋಲ್ ಕಡಿಮೆ, ಸದ್ದು ಮೇಲೇರುತ್ತದೆ. ಎಡಕ್ಕೆ ಸಡಿಲಿಸಿದರೆ ಪೆಟ್ರೋಲ್ ಜಾಸ್ತಿ, ಸದ್ದು ಗೊರಗೊರ ಅನ್ನುತ್ತದೆ. ಇದಕ್ಕೆ ಮೀಟರ್ ಬೇಡ, ಪುಸ್ತಕ ಬೇಡ, ಕಿವಿ ಸಾಕು. ಸಂಜೆ ನಾನು ಹೊಂದಿಸಿ ಇಟ್ಟರೆ ಹಾಡಿದ ಹಾಗಿರುತ್ತದೆ. ಬೆಳಿಗ್ಗೆ ಹಗ್ಗ ಎಳೆದು ಚಾಲೂ ಮಾಡಿದರೆ ಬಾಲ ತುಳಿದ ಬೆಕ್ಕಿನ ಹಾಗೆ ಕಿರುಚುತ್ತದೆ. ಅಂದರೆ ನಡುವೆ ಯಾರೋ ಬಿಗಿದಿದ್ದಾರೆ. ಪೆಟ್ರೋಲ್ ಸಾಲದೆ ಎಂಜಿನ್ ಸುಟ್ಟುಹೋಗಲಿ ಅಂತ.

ಶೆಡ್ಡಿನ ಬೀಗದ ಕೈ ಇಬ್ಬರ ಹತ್ತಿರ ಇದೆ. ಒಂದು ನನ್ನ ಹತ್ತಿರ, ಇನ್ನೊಂದು ಹಗ್ಗಣ್ಣನ ಹತ್ತಿರ. ಇಪ್ಪತ್ತೆರಡು ವರ್ಷದಿಂದ ನಾನು ಮರ ಕೊಯ್ಯುತ್ತೇನೆ, ಅವನು ಹಗ್ಗ ಕಟ್ಟಿ ಎಳೆದು ಮರವನ್ನು ಬೇಕಾದ ಕಡೆ ಬೀಳಿಸುತ್ತಾನೆ. ನಾನು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಬೀಗದ ಕೈ ಎರಡು ಅಂತ ಮಾತ್ರ ಹೇಳುತ್ತಿದ್ದೇನೆ.

ಫೋನ್ ಮಾಡಬೇಡ. ಈಗೀಗ ಫೋನಿನಲ್ಲಿ ಎಲ್ಲರೂ ಬಾಯಲ್ಲಿ ಹತ್ತಿ ಇಟ್ಟುಕೊಂಡು ಮಾತಾಡುತ್ತಾರೆ. ಕಾಗದ ಬರೆ. ಅಕ್ಷರ ಗೊಣಗುವುದಿಲ್ಲ.

ಇಂತಿ, ಎಂಜಿನ್ ಕೂರಿಸಿದ ನಿನ್ನ ಮಾಮ

---

ಜನವರಿ 16

ಪ್ರೀತಿಯ ಮಾಮ,

ಓದದೇ ಬಿಟ್ಟ ಹನ್ನೊಂದು ಸೂಚನೆಗಳಲ್ಲೇ ನಿನಗೆ ಬೇಕಾದದ್ದು ಇತ್ತು. ದೊಡ್ಡ ಎಂಜಿನ್ ಹಾಕಿದ ಮೇಲೆ ಹಳೆಯ ಸ್ಕ್ರೂ ಲೆಕ್ಕ ನಡೆಯುವುದಿಲ್ಲ. ಅದರ ಹೊಟ್ಟೆ ದೊಡ್ಡದು, ಪೆಟ್ರೋಲ್ ಜಾಸ್ತಿ ಬೇಕು. ಮರಕ್ಕೆ ತಾಗಿಸದೆ, ಗಾಳಿಯಲ್ಲಿ ಪೂರ್ತಿ ಒತ್ತಿದಾಗ ಅದು ಗೊರಗೊರ ಅನ್ನಲೇಬೇಕು. ಮರದೊಳಗೆ ಇಳಿದ ಮೇಲೆ ಸದ್ದು ತಾನೇ ಶುದ್ಧವಾಗುತ್ತದೆ. ಗಾಳಿಯಲ್ಲೇ ಹಾಡುತ್ತಿದೆ ಅಂದರೆ ಅದು ಹಸಿದಿದೆ ಅಂತ ಅರ್ಥ. ಹಸಿದ ಎಂಜಿನ್ ಬಹಳ ಚೆನ್ನಾಗಿ ಹಾಡುತ್ತದೆ, ಒಂದು ವಾರ. ಆಮೇಲೆ ಪಿಸ್ಟನ್ ಒಳಗೇ ಕಚ್ಚಿಕೊಂಡು ನಿಂತುಬಿಡುತ್ತದೆ.

ಬೆಳಿಗ್ಗೆಯ ತಣ್ಣನೆ ಗಾಳಿಗೂ ಸದ್ದು ಸ್ವಲ್ಪ ಏರುತ್ತದೆ. ಚೆನ್ನಾಗಿ ಬಿಸಿ ಮಾಡಿ ಮತ್ತೆ ಕೇಳಿ ನೋಡು. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡು. ಕಂದು ಇದ್ದರೆ ಸರಿ, ಬೆಳ್ಳಗಿದ್ದರೆ ಸ್ಕ್ರೂ ಸಡಿಲಿಸು. ಎಂಜಿನ್ ಜೊತೆ ಕಳಿಸಿದ, ಸದ್ದು ತಡೆಯುವ ಕಿವಿಯ ಮಫ್ ಹಾಕಿಕೊಳ್ಳುತ್ತಿದ್ದೀಯಾ? ಐವತ್ತೆಂಟರ ಸದ್ದು ಐವತ್ತರ ಸದ್ದಲ್ಲ.

ಹಗ್ಗಣ್ಣ ಸ್ಕ್ರೂ ತಿರುಗಿಸುತ್ತಾನಾ? ಅವನು ಹಗ್ಗದ ಗಂಟು ಬಿಟ್ಟರೆ ಬೇರೆ ಏನನ್ನೂ ಮುಟ್ಟಿದ್ದು ನಾನು ನೋಡಿಲ್ಲ.

ನಿನ್ನ ಪುಟ್ಟಿ

---

ಜನವರಿ 27

ಪುಟ್ಟಿ,

ನೀನು ಎಂಟು ವರ್ಷದವಳಿದ್ದಾಗ ದಿಮ್ಮಿಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, "ಈ ಸದ್ದು ಹಸಿದದ್ದೋ ಹೊಟ್ಟೆ ತುಂಬಿದ್ದೋ ಹೇಳು" ಅಂತ ಕಲಿಸಿದವನು ನಾನು. ಈಗ ಅದನ್ನೇ ನನಗೆ ಅಂಚೆಯಲ್ಲಿ ವಾಪಸು ಕಳಿಸುತ್ತೀಯ. ಇರಲಿ, ವಿದ್ಯೆ ಮನೆಯಲ್ಲೇ ಉಳಿಯಿತು.

ಹತ್ತು ನಿಮಿಷ ಬಿಸಿ ಮಾಡಿಯೇ ಕೇಳಿದೆ. ಕಿರುಚುವುದು ಕಿರುಚುತ್ತಲೇ ಇದೆ. ಪ್ಲಗ್ ಬಿಚ್ಚಿದೆ. ಬೆಳ್ಳಗಿದೆ, ಒಗೆದು ಒಣಗಿಸಿದ ಹಾಗೆ. ನೋಡಿದೆಯಾ, ನಾನು ಹೇಳಲಿಲ್ಲವೇ? ಬೆಳಿಗ್ಗೆ ನಾನು ಸಡಿಲಿಸುತ್ತೇನೆ. ಸಂಜೆ ಹೊತ್ತಿಗೆ ಸದ್ದು ಮಂಕಾಗಿರುತ್ತದೆ, ಮರದ ಹೊಟ್ಟು ತುಂಬಿ ಹಾಗಾಗುತ್ತದೆ, ಅದು ಸಹಜ. ಹಾಡುವಷ್ಟು ಬಿಗಿದು ಇಡುತ್ತೇನೆ. ಬೆಳಗಾಗುವಷ್ಟರಲ್ಲಿ ಇನ್ನೂ ಬಿಗಿಯಾಗಿರುತ್ತದೆ. ಮಫ್ ಮೊಳೆಗೆ ನೇತುಹಾಕಿದ್ದೇನೆ. ಕಿವಿ ಮುಚ್ಚಿಕೊಂಡು ಎಂಜಿನ್ ಹೊಂದಿಸುವುದು ಮೂಗು ಮುಚ್ಚಿಕೊಂಡು ಹಾಲು ಕೆಟ್ಟಿದೆಯಾ ಅಂತ ನೋಡಿದ ಹಾಗೆ.

ಈಗ ದೊಡ್ಡ ವಿಷಯ ಕೇಳು. ಹಗ್ಗಣ್ಣ ಮತ್ತು ನಮಗೆ ಕೆಲಸ ಕೊಡುವ ಮರದ ಡಿಪೋ ಯಜಮಾನರು ಏನೋ ಪಿಸುಗುಡುತ್ತಾರೆ. ನಾನು ಹತ್ತಿರ ಹೋದರೆ ತುಟಿ ಆಡುತ್ತದೆ, ಮಾತು ಬರುವುದಿಲ್ಲ. ಮೊನ್ನೆ ಮಂಗಳವಾರ ದಿಮ್ಮಿಯ ಪಕ್ಕದಲ್ಲಿ ನಿಂತು ಯಜಮಾನರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಹಗ್ಗಣ್ಣ ನೆಲ ನೋಡಿದ. ನೆಲದಲ್ಲಿ ಏನಿತ್ತು? ನಾನೂ ಹೋಗಿ ನೋಡಿದೆ. ಏನೂ ಇರಲಿಲ್ಲ.

ಗುರುವಾರ ಇನ್ನೂ ದೊಡ್ಡದು ನಡೆಯಿತು. ಒಂದು ಮರ ಅರ್ಧ ಕೊಯ್ದು, ಮಷಿನ್ ಸ್ಲೋ ಓಡುತ್ತಿರುವಾಗ ಬೆನ್ನು ಬಗ್ಗಿಸಿ ಸೀಳು ನೋಡುತ್ತಿದ್ದೆ. ಹಗ್ಗಣ್ಣ ಹಿಂದಿನಿಂದ ಬಂದು ಗೂಳಿಯ ಹಾಗೆ ಗುದ್ದಿ ನನ್ನನ್ನು ನೆಲಕ್ಕೆ ಕೆಡವಿದ. ಮೊಣಕೈ ತರಚಿತು. ನಾನು ಎದ್ದು ನೋಡಿದರೆ ನಾನಿದ್ದ ಜಾಗದಲ್ಲಿ ತೊಡೆಯಷ್ಟು ದಪ್ಪದ ಒಣ ಕೊಂಬೆ ಬಿದ್ದಿದೆ. ಇವನ ಮುಖ ಸುಣ್ಣವಾಗಿದೆ. ಒಂದು ಮಾತು ಕೂಗಿ ಹೇಳಿದ್ದರೆ ನಾನೇ ಸರಿಯುತ್ತಿರಲಿಲ್ಲವೇ? ಕೂಗಲಿಲ್ಲ ಯಾಕೆ? ಗುದ್ದುವ ಆಸೆ ಎಷ್ಟು ದಿನದಿಂದ ಇತ್ತೋ.

ಇಂತಿ, ಮೊಣಕೈ ತರಚಿಕೊಂಡ ಮಾಮ

---

ಫೆಬ್ರವರಿ 2

ಮಾಮ,

ಗುರುವಾರದ ವಿಷಯ ಓದಿದ ಮೇಲೆ ಅಂಗಡಿಯಲ್ಲಿ ಕೆಲಸ ಮಾಡಲಾಗಲಿಲ್ಲ. ಹಗ್ಗಣ್ಣ ನಿಜವಾಗಿ ಕೂಗಲಿಲ್ಲವಾ? ಅಲ್ಲಿ ಬೇರೆ ಯಾರಿದ್ದರು? ಅವರನ್ನು ಕೇಳು.

ಸ್ಕ್ರೂ ವಿಷಯಕ್ಕೆ ಒಂದು ಉಪಾಯ ಇದೆ. ಸಂಜೆ ಹೊಂದಿಸಿದ ಮೇಲೆ ಅತ್ತೆಯ ಉಗುರುಬಣ್ಣದಿಂದ ಸ್ಕ್ರೂ ತಲೆಯ ಮೇಲಿಂದ ಪಕ್ಕದ ಲೋಹದವರೆಗೆ ಒಂದು ಸಣ್ಣ ಗೆರೆ ಎಳೆ. ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಬೆಳಿಗ್ಗೆ ಮೊದಲು ಗೆರೆ ನೋಡು, ಆಮೇಲೆ ಚಾಲೂ ಮಾಡು.

ಮಫ್ ಮೊಳೆಗೆ ಅಲ್ಲ, ಕಿವಿಗೆ.

ಪುಟ್ಟಿ

---

ಫೆಬ್ರವರಿ 11

ಪುಟ್ಟಿ,

ಕಳ್ಳ ನಾವು ಅಂದುಕೊಂಡದ್ದಕ್ಕಿಂತ ಚಾಲಾಕಿ.

ಗೆರೆ ಎಳೆದೆ. ಬೆಳಿಗ್ಗೆ ನೋಡಿದರೆ ಗೆರೆ ಹಾಗೇ ಇದೆ, ಮಷಿನ್ ಮಾತ್ರ ಕಿರುಚುತ್ತದೆ. ಅಂದರೆ ಸ್ಕ್ರೂ ತಿರುಗಿಸಿ, ಹಳೆಯ ಗೆರೆ ಅಳಿಸಿ, ಅದೇ ಬಣ್ಣದಲ್ಲಿ ಹೊಸ ಗೆರೆ ಎಳೆದಿದ್ದಾನೆ. ಅದಕ್ಕೂ ಒಂದು ಬಲೆ ಹಾಕಿದೆ. ಶೆಡ್ಡಿನ ನೆಲಕ್ಕೆಲ್ಲ ಸಣ್ಣ ಹೊಟ್ಟು ಜರಡಿ ಹಿಡಿದು ಹರಡಿ ಬಂದೆ. ಬೆಳಿಗ್ಗೆ ಹೆಜ್ಜೆ ಗುರುತು ಸಿಕ್ಕಿತು. ಬಾಗಿಲಿನಿಂದ ಮಷಿನ್ನಿನವರೆಗೆ, ಮಷಿನ್ನಿನಿಂದ ಬಾಗಿಲಿನವರೆಗೆ. ನನ್ನದೇ ಚಪ್ಪಲಿಯ ಅಳತೆ, ಎಡಗಾಲಿನ ಹಿಮ್ಮಡಿ ಸವೆದದ್ದು ಸಹಿತ. ನನ್ನ ಚಪ್ಪಲಿ ಹಾಕಿಕೊಂಡು ಬಂದಿದ್ದಾನೆ. ನಿನ್ನ ಅತ್ತೆ, "ಹೊಟ್ಟು ಹರಡಿದ ಮೇಲೆ ನೀವು ಹೊರಗೆ ಹೇಗೆ ಬಂದ್ರಿ, ಹಾರಿಕೊಂಡಾ?" ಅಂತ ಕೇಳಿದಳು. ಪೊಲೀಸ್ ಕೆಲಸದಲ್ಲಿ ಹೆಂಗಸರು ಹೀಗೇ ಅಡ್ಡ ಬರುತ್ತಾರೆ.

ಅಂದು ಬೇರೆ ಯಾರಿದ್ದರು ಅಂತ ಕೇಳಿದ್ದೆಯಲ್ಲ, ಡಿಪೋ ಡ್ರೈವರ್ ಇದ್ದ. ಕೇಳಿದ್ದಕ್ಕೆ, "ಮೂರು ಸಲ ಕೂಗಿದ್ನಲ್ಲ" ಅಂದ. ಮೂರು ಸಲ. ಮಾತು ಕಲಿಸಿಕೊಟ್ಟ ಹಾಗಿತ್ತು.

ಶನಿವಾರ ಹಗ್ಗಣ್ಣನನ್ನು ನೇರವಾಗಿ ಕೇಳಿದೆ. ಏನೋ ಗೊಣಗಿದ. "ಗಂಡಸಾದ್ರೆ ಬಾಯಿಬಿಟ್ಟು ಹೇಳು" ಅಂದೆ. ತನ್ನ ಹಗ್ಗಗಳನ್ನೆಲ್ಲ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ತಪ್ಪು ಮಾಡದವನು ಹಾಗೆ ಹೋಗುತ್ತಾನಾ? ಶೆಡ್ಡಿನ ಬೀಗ ಬದಲಾಯಿಸಿದೆ.

ಮಾರ್ಚ್ ಎರಡಕ್ಕೆ ನೀರಿನ ಟ್ಯಾಂಕಿನ ಪಕ್ಕದ ಒಣಮರ ಬೀಳಿಸುವುದಿದೆ. ಒಂದು ಕಡೆ ಟ್ಯಾಂಕು, ಇನ್ನೊಂದು ಕಡೆ ಗೋಡೆ, ನಡುವೆ ಎರಡು ಗಾಡಿ ಅಗಲದ ಜಾಗ. ಮೇಲೆಲ್ಲ ಒಣಕೊಂಬೆ. ಯಜಮಾನರು "ಬೇರೆಯವರನ್ನ ಕರೆಸಲಾ?" ಅಂದರು. ಅವರ ಮುಖ ನೋಡಿಯೇ ಅರ್ಥವಾಯಿತು, ಇದೇ ಅವರ ಸಂಚು. ನಾನೇ ಕೊಯ್ಯುತ್ತೇನೆ ಅಂದೆ. ಹಗ್ಗಕ್ಕೆ ಡ್ರೈವರ್ ಸಾಕು.

ಇಂತಿ, ಯಾರನ್ನೂ ನಂಬದ ಮಾಮ

---

ಫೆಬ್ರವರಿ 15

ಮಾಮ,

ಈ ಪಾರ್ಸೆಲ್ಲಿನಲ್ಲಿ ಒಂದು ಪುಟ್ಟ ಮೀಟರ್ ಇದೆ. ಅದರ ತಂತಿಯನ್ನು ಪ್ಲಗ್ ವೈರಿಗೆ ಸುತ್ತಿದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುತ್ತದೆ. ಸಂಜೆ ಹೊಂದಿಸಿದ ಮೇಲೆ ಅಂಕಿ ಬರೆದುಕೊ. ಮಷಿನ್ನನ್ನು ಮನೆಗೆ ತಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿ, ಕೀಲಿಯನ್ನು ನಿನ್ನ ಸೊಂಟಕ್ಕೇ ಕಟ್ಟಿಕೊಂಡು ಮಲಗು. ಬೆಳಿಗ್ಗೆ ಬಿಸಿ ಮಾಡಿ ಮತ್ತೆ ಅಂಕಿ ಬರೆ. ಸದ್ದು ಹೇಗಿತ್ತು ಅಂತಲೂ ಬರೆ. ಏನನ್ನೂ ಸೇರಿಸದೆ, ಇದ್ದದ್ದು ಇದ್ದ ಹಾಗೆ.

ಆ ಅಂಕಿಗಳು ನನ್ನ ಕೈಗೆ ಬರುವವರೆಗೆ ದೊಡ್ಡ ಮರ ಮುಟ್ಟಬೇಡ.

ಪುಟ್ಟಿ

---

ಫೆಬ್ರವರಿ 20

ಅಮ್ಮಾ,

ವಿಳಾಸ ನಿಮ್ಮ ಅತ್ತೆಯವರು ಕೊಟ್ಟರು. ನನಗೆ ಬರೆದು ಅಭ್ಯಾಸ ಇಲ್ಲ.

ಸ್ಕ್ರೂ ನಾನು ಮುಟ್ಟಿಲ್ಲ. ಕೊಂಬೆ ಬಿದ್ದ ದಿನ ಮೂರು ಸಲ ಕೂಗಿದೆ. ನಿಮ್ಮ ಮಾಮ ತಿರುಗಲಿಲ್ಲ. ಯಜಮಾನರಿಗೆ ಹೇಳಿದ್ದು ಹೌದು, ಇವನನ್ನು ಮರದ ಬುಡದಲ್ಲಿ ನಿಲ್ಲಿಸಬೇಡಿ ಅಂತ. ಅವನಿಗೆ ಹೇಳಲಾಗಲಿಲ್ಲ. ಅವನು ತನ್ನ ಕಿವಿಯ ಬಗ್ಗೆ ಎಷ್ಟು ಹೇಳಿಕೊಳ್ಳುತ್ತಾನೆ ಅಂತ ನಿಮಗೂ ಗೊತ್ತಲ್ಲ.

ಟ್ಯಾಂಕಿನ ಮರಕ್ಕೆ ಡ್ರೈವರ್ ಹಗ್ಗ ಹಿಡಿದರೆ ಏನಾದರೂ ಆಗುತ್ತದೆ.

ಇಂತಿ, ಹಗ್ಗಣ್ಣ

---

ಫೆಬ್ರವರಿ 22

ಪುಟ್ಟಿ,

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸಂಜೆ: ಹದಿಮೂರು ಸಾವಿರದ ನಾನೂರು. ಸದ್ದು: ಹಾಡು.

ಬೆಳಿಗ್ಗೆ: ಹದಿಮೂರು ಸಾವಿರದ ಐನೂರು. ಸದ್ದು: ಕಿರುಚು.

ಪೆಟ್ಟಿಗೆ ಮಂಚದ ಕೆಳಗಿತ್ತು. ಕೀಲಿ ಸೊಂಟದಲ್ಲಿತ್ತು, ಮಗ್ಗುಲಾದಾಗಲೆಲ್ಲ ಚುಚ್ಚಿತು. ಉಗುರುಬಣ್ಣದ ಗೆರೆಯೂ ಇತ್ತು. ಎರಡನೇ ದಿನವೂ ಅಷ್ಟೇ. ಮೀಟರ್ ಕೆಟ್ಟಿದೆ ಅಂದುಕೊಂಡು ಡಿಪೋದ ಬೇರೆ ಮಷಿನ್ನಿಗೆ ಹಾಕಿ ನೋಡಿದೆ, ಕೆಟ್ಟಿಲ್ಲ. ಪೆಟ್ಟಿಗೆಗೆ ಎರಡನೇ ಕೀಲಿ ಇದೆಯಾ ಅಂತ ನಿನ್ನ ಅತ್ತೆಯನ್ನು ಕೇಳಿದೆ. ಅವಳ ತುಟಿ ಆಡಿತು. ನನ್ನ ಜೊತೆ ಮಾತಾಡಿದ ಹಾಗಿತ್ತು, ಏನಂದಳೋ.

ನೀನು ರಿಪೇರಿಯವಳು. ಹೇಳು, ಬೀಗ ಹಾಕಿದ ಪೆಟ್ಟಿಗೆಯೊಳಗೆ ಯಾರು ಬಂದರು?

ಮಾಮ

---

ಫೆಬ್ರವರಿ 25

ಪ್ರೀತಿಯ ಮಾಮ,

ಈ ಕಾಗದವನ್ನು ಮೂರು ಸಲ ಬರೆದು ಹರಿದು ಹಾಕಿದೆ.

ಪೆಟ್ಟಿಗೆಯೊಳಗೆ ಯಾರೂ ಬರಲಿಲ್ಲ. ಮಷಿನ್ ಬದಲಾಗಿಲ್ಲ, ಮೀಟರ್ ಅದನ್ನೇ ಹೇಳುತ್ತಿದೆ; ನೂರು ಸುತ್ತಿನ ವ್ಯತ್ಯಾಸ ಬೆಳಗಿನ ತಣ್ಣನೆ ಗಾಳಿಯದು. ಆ ರಾತ್ರಿ ಪೆಟ್ಟಿಗೆಯ ಹೊರಗೆ ಮಲಗಿ ಬದಲಾದದ್ದು ನಿನ್ನ ಕಿವಿ ಮಾತ್ರ.

ಇಡೀ ದಿನ ಆ ಸದ್ದಿನ ಪಕ್ಕ ನಿಂತ ಕಿವಿ ಸಂಜೆಗೆ ಸೋತಿರುತ್ತದೆ. ಸದ್ದಿನ ಮೇಲಿನ ತುದಿ ಅದಕ್ಕೆ ಕೇಳುವುದಿಲ್ಲ. ಮಂಕಾಗಿದೆ ಅನ್ನಿಸುತ್ತದೆ, ನೀನು ಬಿಗಿಯುತ್ತೀಯ. ನಿದ್ದೆ ಮಾಡಿ ಎದ್ದಾಗ ಕಿವಿ ಸ್ವಲ್ಪ ಚೇತರಿಸಿಕೊಂಡಿರುತ್ತದೆ, ಆಗ ಅದೇ ಸದ್ದು ಕಿರುಚುತ್ತದೆ. ಪ್ರತಿ ವರ್ಷ ಚೇತರಿಕೆ ಕಡಿಮೆಯಾಗುತ್ತದೆ. ಫೋನಿನಲ್ಲಿ ಜನರ ಬಾಯಲ್ಲಿ ಹತ್ತಿ ಇಲ್ಲ, ಮಾಮ. ಡಿಪೋದಲ್ಲಿ ಯಾರೂ ಪಿಸುಗುಡುತ್ತಿಲ್ಲ. ಹಗ್ಗಣ್ಣ ಮೂರು ಸಲ ಕೂಗಿದ್ದ.

ಇನ್ನೂ ದೊಡ್ಡ ಸದ್ದಿನ ಎಂಜಿನ್ ಕಳಿಸಿದವಳು ನಾನೇ. ಅದಕ್ಕೆ ನನ್ನನ್ನು ಬೈಯಿ, ಎಷ್ಟು ಬೇಕಾದರೂ. ಆದರೆ ಎರಡನೇ ತಾರೀಖು ಆ ಮರದ ಬುಡದಲ್ಲಿ ನಿಲ್ಲಬೇಡ. ಸಂಜೆಯ ಸದ್ದು ಕೇಳಿ ಸ್ಕ್ರೂ ಮುಟ್ಟಬೇಡ. ಹನ್ನೆರಡೂವರೆ ಸಾವಿರ ದಾಟದ ಹಾಗೆ ಸಡಿಲಿಸು.

ನಿನ್ನಿಂದಲೇ ಕೇಳಲು ಕಲಿತ ಪುಟ್ಟಿ

---

ಮಾರ್ಚ್ 5

ಮಾಮ,

ಎರಡನೇ ತಾರೀಖು ಆಗಿಹೋಯಿತು. ಅತ್ತೆಗೆ ಫೋನ್ ಮಾಡಿದರೆ, "ಚೆನ್ನಾಗಿದ್ದಾರೆ, ಉಳಿದದ್ದು ಅವರೇ ಬರೀತಾರಂತೆ, ನಾನು ಹೇಳಕೂಡದಂತೆ" ಅಂದರು. ಒಂದು ಸಾಲು ಬರೆ.

ಪುಟ್ಟಿ

---

ಮಾರ್ಚ್ 14

ಪುಟ್ಟಿಗೆ ಮಾಮನ ಆಶೀರ್ವಾದ, ಸಿಟ್ಟು ಇಳಿದ ಮೇಲಿನದು.

ನಿನ್ನ ಕಾಗದ ಬಂದ ದಿನ ಅದನ್ನು ಒಲೆಗೆ ಹಾಕಬೇಕು ಅಂತ ಎದ್ದೆ. ಒಲೆಯ ಹತ್ತಿರ ನಿನ್ನ ಅತ್ತೆ ಇದ್ದಳು. ಸರಿ, ಪರೀಕ್ಷೆ ಆಗಿಯೇ ಬಿಡಲಿ ಅಂತ, "ನನ್ನ ಹಿಂದೆ ನಿಂತು ಏನಾದರೂ ಹೇಳು" ಅಂದೆ. ಗೋಡೆ ನೋಡುತ್ತಾ ನಿಂತೆ. ಕಾದೆ. "ಹೇಳೇ" ಅಂದೆ. ಮುಂದೆ ಬಂದು ನಿಂತಳು. "ನಾಲ್ಕು ಸಲ ಹೇಳಿದೆ" ಅಂದಳು.

"ಏನಂತ?"

"ಚಹಾ ಆರಿಹೋಗ್ತಿದೆ ಅಂತ. ಎರಡು ವರ್ಷದಿಂದ ಅದನ್ನೇ ಹೇಳ್ತಿದ್ದೀನಿ."

ಎರಡು ವರ್ಷದಿಂದ ನಾನು ಆರಿದ ಚಹಾ ಕುಡಿದು ಅವಳಿಗೆ ಸೋಮಾರಿ ಅಂದಿದ್ದೇನೆ.

ಒಂದನೇ ತಾರೀಖು ಮಧ್ಯಾಹ್ನ ಹಗ್ಗಣ್ಣನ ಮನೆಗೆ ಹೋದೆ. ಹೊಸಿಲ ಮೇಲೆ ಕೂತು ಹಗ್ಗದ ಬಿಚ್ಚಿದ ತುದಿ ಹೆಣೆಯುತ್ತಿದ್ದ. ನನ್ನನ್ನು ಕಂಡು ಏನೋ ಅಂದ. ಅಂಥ ಹೊತ್ತಿನಲ್ಲಿ ನಾನು "ಹೂಂ" ಅಂದುಬಿಡುವುದು ರೂಢಿ. ಯಾವುದಕ್ಕೆಲ್ಲ ಹೂಂ ಅಂದಿದ್ದೇನೋ ದೇವರಿಗೇ ಗೊತ್ತು. ಆ ದಿನ ಅನ್ನಲಿಲ್ಲ.

"ಕೇಳಿಸಲಿಲ್ಲ" ಅಂದೆ.

ಅವನು ಹಗ್ಗ ಕೆಳಗಿಟ್ಟ. "ಈಗಲಾದ್ರೂ ಬಾಯಿಬಿಟ್ಯಲ್ಲ" ಅಂತ ಗಟ್ಟಿಯಾಗಿ ಅಂದ.

"ಕಿರುಚಬೇಡ, ಬೀದಿಗೆಲ್ಲ ಗೊತ್ತಾಗುತ್ತೆ."

"ಬೀದಿಗೆ ಯಾವತ್ತೋ ಗೊತ್ತಾಗಿದೆ ಮಾರಾಯ. ಉಳಿದಿದ್ದವನು ನೀನೊಬ್ಬನೇ."

ಕ್ಷಮಿಸು ಅನ್ನುವುದು ನನ್ನ ಬಾಯಿಗೆ ಬರುವ ಮಾತಲ್ಲ, ನಿನಗೆ ಗೊತ್ತು. ಹೊಸ ಬೀಗದ ಎರಡನೇ ಕೈಯನ್ನು ಅವನ ಮೊಣಕಾಲಿನ ಪಕ್ಕ ಇಟ್ಟೆ. ನೋಡಿದ, ಎತ್ತಿ ಜೇಬಿಗೆ ಹಾಕಿಕೊಂಡ. "ನನ್ನ ಚಪ್ಪಲಿ ಯಾಕೆ ಕದ್ದೆ?" ಅಂತ ಕೇಳಿದೆ. ಆಗ ನಕ್ಕ. ಅವನ ನಗು ನನಗೆ ಕೇಳಿಸಿತು, ಅಥವಾ ಹಲ್ಲು ಕಂಡದ್ದರಿಂದ ಕೇಳಿಸಿದ ಹಾಗೆ ಅನ್ನಿಸಿತು.

ಯಜಮಾನರಿಗೆ ನಾವಿಬ್ಬರೂ ಒಟ್ಟಿಗೆ ಹೋಗಿ ಹೇಳಿ ಮರದ ಕೆಲಸ ಹತ್ತನೇ ತಾರೀಖಿಗೆ ಹಾಕಿಸಿದೆವು. ಮೀಟರ್ ನೋಡಿಕೊಂಡು ಸ್ಕ್ರೂ ಸಡಿಲಿಸಿದೆ: ಹನ್ನೆರಡು ಸಾವಿರದ ಇನ್ನೂರು. ಗಾಳಿಯಲ್ಲಿ ಗೊರಗೊರ ಅನ್ನುತ್ತದೆ. ಮರದೊಳಗೆ ಶುದ್ಧವಾಗುವುದು ನನಗೆ ಕೇಳುವುದಿಲ್ಲ, ಆದರೆ ಪುಡಿಯ ಬದಲು ದಪ್ಪ ಚಕ್ಕೆ ಹಾರುವುದು ಕಾಣುತ್ತದೆ. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆ. ಕಣ್ಣಲ್ಲಿ ಎಂಜಿನ್ ಹೊಂದಿಸುವವರು ಈ ಸುತ್ತಮುತ್ತಲಲ್ಲಿ ನಾನೊಬ್ಬನೇ ಅಂತ ಡಿಪೋದಲ್ಲಿ ಈಗಾಗಲೇ ಹೇಳಿಯಾಗಿದೆ.

ಮರ ಕೊಯ್ದವನು ಹಗ್ಗಣ್ಣ. ಹಗ್ಗ ಹಿಡಿದವನು ನಾನು. ಇದನ್ನು ಬರೆಯಲು ಮೊದಲ ಪುಟದಿಂದ ಇಲ್ಲಿಯವರೆಗೆ ಬೇಕಾಯಿತು. ನಡುವಿನ ವಾರವೆಲ್ಲ ಸಣ್ಣ ಮರಗಳ ಮೇಲೆ ನಾನು ಅವನಿಗೆ ಕೊಯ್ಯುವುದು ಕಲಿಸಿದೆ, ಅವನು ನನಗೆ ಹಗ್ಗ ಕಲಿಸಿದ.

ಮಫ್ ಅವನ ಕಿವಿಯ ಮೇಲಿತ್ತು. ಅವನಿಗೂ ಕೇಳುವುದಿಲ್ಲ, ನನಗೂ ಕೇಳುವುದಿಲ್ಲ. ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡೆವು. ನನ್ನ ಕೈ ಮೇಲಿದ್ದರೆ ಕೊಯ್ಯಬಹುದು, ಇಳಿದರೆ ಎಲ್ಲ ಬಿಟ್ಟು ಹಿಂದೆ ಬರಬೇಕು. ಮರವನ್ನು ನಾಲ್ಕು ಬೆರಳಗಲ ಕೊಯ್ದಾಗಲೆಲ್ಲ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಬೇಕು.

ಅವನು ಒಂದು ಸಲವೂ ಮರೆಯಲಿಲ್ಲ. ಕೊಯ್ಯುತ್ತಾನೆ, ನೋಡುತ್ತಾನೆ. ಕೊಯ್ಯುತ್ತಾನೆ, ನೋಡುತ್ತಾನೆ. ನಾನು ಮರದ ತುದಿಯಿಂದ ಕಣ್ಣು ಕೀಳಲಿಲ್ಲ. ಮುಕ್ಕಾಲು ಕೊಯ್ದ ಹೊತ್ತಿಗೆ ಮೇಲಿನ ಒಂದು ಒಣಕೊಂಬೆ ಅಲ್ಲಾಡಿತು. ಗಾಳಿ ಇರಲಿಲ್ಲ. ನಾನು ಕೈ ಇಳಿಸಿದೆ. ಕೂಗಿದೆ ಕೂಡ. ಕೂಗಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅವನು ಬಗ್ಗಿದ್ದ. ಬೆನ್ನು ನನ್ನ ಕಡೆಗಿತ್ತು.

ಆ ಬೆನ್ನು ತಿರುಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ಡ್ರೈವರನ್ನು ಕೇಳಿದರೆ ಕಣ್ಣು ಮಿಟುಕಿಸುವಷ್ಟು ಅನ್ನುತ್ತಾನೆ. ತಲೆಯೆತ್ತಿದ, ನೋಡಿದ, ಮಷಿನ್ನನ್ನು ಸೀಳಿನಲ್ಲೇ ಬಿಟ್ಟು ನಡೆದು ಬಂದ. ಕೊಂಬೆ ಅವನು ನಿಂತಿದ್ದಲ್ಲೇ ಬಿತ್ತು. ಆಮೇಲೆ ಹೋಗಿ ಉಳಿದದ್ದು ಕೊಯ್ದ, ನಾನು ಎಳೆದೆ, ಮರ ಟ್ಯಾಂಕಿಗೂ ಗೋಡೆಗೂ ನಡುವೆ ಗೆರೆ ಎಳೆದ ಹಾಗೆ ಮಲಗಿತು.

ಜನವರಿಯ ಆ ಗುರುವಾರ ಅವನು ನೋಡಿದ್ದು ತಿರುಗದ ಬೆನ್ನನ್ನು. ಮೂರು ಸಲ.

ಮರ ಬಿದ್ದ ಮೇಲೆ ಹಗ್ಗ ಸುತ್ತಲು ಹೋದರೆ ಸುತ್ತು ಮತ್ತೆ ಮತ್ತೆ ಬಿಚ್ಚಿಕೊಂಡಿತು. ಹಗ್ಗಣ್ಣ ಅದನ್ನು ತೆಗೆದುಕೊಂಡು ತಾನೇ ಸುತ್ತಿದ. ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ನಿನ್ನ ಅತ್ತೆಗೆ ನಾನು ಹೇಳಿರುವ ಕಥೆಯಲ್ಲಿ ಹಗ್ಗ ಸುತ್ತಿದವನು ನಾನೇ.

ಇಂತಿ,
ನಿನ್ನ ಮಾಮ, ಹಗ್ಗದವನು